ಹಸಿರು ಚುಕ್ಕೆ

ಮಾಕ್ವಲಾ,
ನನ್ನ ಯಾವ ಪಟಕ್ಕೂ ನೀನು ಹೃದಯ ಒತ್ತಿದವಳಲ್ಲ.
ಎಣಿಸಿ ನೋಡಿದ್ದೇನೆ, ಸುಳ್ಳೇಕೆ.
ಸಿಗ್ನೋರಾ ಅದ್ದೊಲೊರಾತಾಳನ್ನು ಮಲಗಿಸಿ,
ಅವಳ ಹಲ್ಲಿನ ಸೆಟ್ಟನ್ನು ಲೋಟದ ನೀರಿಗೆ ಹಾಕಿ,
ಅಡುಗೆಮನೆಯ ಮಡಚುವ ಮಂಚದ ಮೇಲೆ ಕಾಲು ಚಾಚಿ
ದಿನವೂ ನಾನು ಮಾಡುವುದು ಅದೊಂದೇ ಲೆಕ್ಕ:
ಯಾರು ಒತ್ತಿದರು, ಯಾರು ಒತ್ತಲಿಲ್ಲ.

ಇಟಲಿಯ ಬಾರಿ ನಗರ, ಕಡಲದಂಡೆ, ಕಬ್ಬಿಣದ ದೀಪಕಂಬ,
ಇರ್ಮಾಳಿಂದ ಎರವಲು ತಂದ ಕೆಂಪು ಕೋಟು —
ಇನ್ನೂರ ಹದಿನಾಲ್ಕು ಹೃದಯ.
ಚಿಯಾತುರಾದಿಂದ ನಾದಿನಿ ಬರೆದಳು,
"ಪುಣ್ಯವಂತೆ ಕಣೇ ನೀನು."
ಕೋಟಿನೊಳಗೆ ಬ್ಲೀಚು ನಾರುವ ಏಪ್ರನ್ನು.

ಆಗಸ್ಟಿನಲ್ಲಿ ಮಗಳ ಮದುವೆ.
ಕಾಗದಪತ್ರ ಆಗಿರಲಿಲ್ಲ, ಹೋದರೆ ತಿರುಗಿ ಬರುವಂತಿರಲಿಲ್ಲ.
ಫೋನಿನಲ್ಲೇ ಹೋದೆ.
ತಮ್ಮನ ಮಗ ಲೆವಾನಿ ನನ್ನನ್ನು ಎತ್ತಿ ಹಿಡಿದು
ಮೇಜಿನಿಂದ ಮೇಜಿಗೆ ತಿರುಗಿಸಿದ,
ನಗುವ ತಲೆಯೊಂದನ್ನು ತಟ್ಟೆಯಲ್ಲಿಟ್ಟು ಬಡಿಸುವವನಂತೆ.
ಎಲ್ಲರೂ ಕೈಬೀಸಿದರು. ಬೀಗರು ಗ್ಲಾಸೆತ್ತಿದರು.
ಆಮೇಲೆ ಕುಣಿತ. ಹುಡುಗ, ಪಾಪ,
ಕಾಲು ಕೇಳಲಿಲ್ಲ ಅವನಿಗೆ,
ನನ್ನನ್ನು ಬೋರಲು ಹಾಕಿ ಎದ್ದುಹೋದ.

ನಲವತ್ತು ನಿಮಿಷ
ಮೇಜುಬಟ್ಟೆಯ ಕತ್ತಲಲ್ಲಿದ್ದೆ.
ಡೋಲು ಕೇಳುತ್ತಿತ್ತು, ತಟ್ಟೆಗಳ ಸದ್ದು,
ಯಾರೋ ಮಗಳ ಹೆಸರು ಕೂಗಿದರು, ಅವಳು ನಕ್ಕಳು.
ಆ ನಗು ನನ್ನದು. ನನ್ನ ಹೊಟ್ಟೆಯಿಂದಲೇ ಹೋದದ್ದು.
ಕರೆ ಕಡಿಯಲಿಲ್ಲ ನಾನು. ಕೂಗಲೂ ಇಲ್ಲ.
ಬೋರಲು ಬಿದ್ದವಳು ಕೂಗಿದರೆ
ಮದುವೆಮನೆಗೆ ಅಪಶಕುನ.

ಮರುದಿನ ಹಾಕಿದೆ: ಮಗಳು, ಬಿಳಿ ಮುಸುಕು,
ಕೆಳಗೆ, "ನನ್ನ ಎದೆ ತುಂಬಿದೆ."
ಮುನ್ನೂರ ಆರು.
ಅಳುವ ಮುಖಗಳೂ ಒಂದಷ್ಟು, ಸಂತೋಷದ ಕಣ್ಣೀರಿನವು.
ಒಂದೊಂದಕ್ಕೂ ಥ್ಯಾಂಕ್ಸ್ ಬರೆದೆ. ಬರೆಯುತ್ತ ಬೆಳಗಾಯಿತು.
ಇನ್ನೊಂದು ಬೆಳಗು. ಇನ್ನೊಂದು.

ಫೋನನ್ನು ಬೈಯುತ್ತಿಲ್ಲ. ಬೈಯುವವರು ಬೈದುಕೊಳ್ಳಲಿ.
ಈ ಊರಿಗೆ ಬಂದ ಮೊದಲ ವಾರ
ಡೈಪರಿಗೆ ಇಲ್ಲಿ ಏನನ್ನುತ್ತಾರೆ,
ಸಂಬಳ ಕೊಡದ ಮನೆಯವರಿಗೆ ಏನನ್ನಬೇಕು,
ಎಲ್ಲ ಹೇಳಿಕೊಟ್ಟದ್ದು ನಮ್ಮೂರ ಹೆಂಗಸರ ಗುಂಪೇ,
ಇವತ್ತಿಗೂ ನಾನು ಮುಖ ನೋಡಿರದ ಹೆಂಗಸರು.
ಒಬ್ಬಳು ರಾತ್ರಿ ಹನ್ನೆರಡಕ್ಕೆ
ಇಂಜೆಕ್ಷನ್ ಚುಚ್ಚುವುದನ್ನು ಮಾತಿನಲ್ಲೇ ಕಲಿಸಿದಳು.
ಆದರೆ ಅಲ್ಲಿ ಕೇಳಲು ಬರುವುದು ಬೇರೆ, ಬಾರದ್ದು ಬೇರೆ.
"ನನ್ನನ್ನು ಬೋರಲು ಹಾಕಿದರು" ಎಂದು
ಎಲ್ಲಿ ಟೈಪು ಮಾಡಲಿ?
ಅದಕ್ಕೆ ಯಾವ ಮುಖ ಒತ್ತುತ್ತಾರೆ?

ಗುರುವಾರ, ಬಿಡುವಿನ ಮಧ್ಯಾಹ್ನ, ಬೆಲ್ಲು.
ನೀನು. ಎರಡು ಬಸ್ಸು ಬದಲಿಸಿ ಬಂದವಳು.
ಕಂಕುಳಲ್ಲಿ ಟವೆಲ್ಲು ಸುತ್ತಿದ, ಕಾಳು ತುಂಬಿದ ರೊಟ್ಟಿ,
ಇನ್ನೂ ಬೆಚ್ಚಗಿತ್ತು.
"ನಾಲ್ಕು ರಾತ್ರಿ ಆಯ್ತು,
ನಿನ್ನ ಹಸಿರು ಚುಕ್ಕೆ ಆರಲೇ ಇಲ್ಲವಲ್ಲೇ."
"ನಿನಗೆ ಹೇಗೆ ಗೊತ್ತು?"
"ನಾನೇನು ಮಲಗಿದ್ದೆನಾ?"

ಅಷ್ಟೇ. ಸಮಾಧಾನದ ಮಾತು ಒಂದೂ ಇಲ್ಲ.
ಸಿಗ್ನೋರಾಳಿಗೆ ಒಂದು ತುಂಡು ಮೆತ್ತಗೆ ಕಿವುಚಿ ತಿನ್ನಿಸಿದೆ ನೀನು.
ಸಿಂಕಿನ ಪಾತ್ರೆ ತೊಳೆದೆ.
ನನ್ನ ಕೈಯಿಂದ ಫೋನು ಬಿಡಿಸಿ
ಕಿಟಕಿಯ ಕಟ್ಟೆಯ ಮೇಲಿಟ್ಟೆ,
ಅಂಗಾತ, ಮುಖ ಮೇಲೆ ಮಾಡಿ.
ನಿನಗೆ ಗೊತ್ತಿರಲಿಲ್ಲ, ಯಾರಿಗೂ ಹೇಳಿರಲಿಲ್ಲ ನಾನು.
ನನಗೆ ಅಳು ಬಂದದ್ದು ಆಗ.

ಈಗಲೂ ನೀನು ಹೃದಯ ಒತ್ತುವುದಿಲ್ಲ.
ಈಗಲೂ ನಾನು ಎಣಿಸುತ್ತೇನೆ, ಚಟ ಬಿಟ್ಟೀತೇ?
ಎಣಿಸಿ ಮುಗಿದ ಮೇಲೆ, ರಾತ್ರಿ ಎರಡಕ್ಕೋ ಮೂರಕ್ಕೋ,
ನಿನ್ನ ಹೆಸರಿನ ಮಗ್ಗುಲಲ್ಲಿ ನೋಡುತ್ತೇನೆ.
ಉರಿಯುತ್ತಿದ್ದರೆ ಏನೂ ಬರೆಯುವುದಿಲ್ಲ,
ಪಕ್ಕದಲ್ಲಿ ನನ್ನದೂ ಉರಿಯಲಿ ಎಂದು
ಒಂದಿಷ್ಟು ಹೊತ್ತು ಕೂತಿರುತ್ತೇನೆ.

ಮೊನ್ನೆಯಿಂದ ನಿನ್ನದು ಆರಿಲ್ಲ, ಮಾಕ್ವಲಾ.
ಕಾಳು ನೆನೆಹಾಕಿದ್ದೇನೆ.